‘ಆ ಮಾತ್ರೆ ನಂದು’ ಅಂದ ಅಕ್ಕನಿಗೆ

ಎನ್‌ಸಿಸಿ ಕ್ಯಾಂಪಿಗೆ ನಾನು ಹೋಗಿದ್ದು ಹಳೆಯ ಕೆಡೆಟ್ ಆಗಿ, ಹುಡುಗಿಯರ ಡ್ರಿಲ್‌ಗೆ ಕೈಜೋಡಿಸಲು. ಮೈಸೂರಿನ ಮೈದಾನದಲ್ಲಿ ನೀರಿನ ಬಾಟಲಿ ತೆಗೆಯುವಾಗ ಬ್ಯಾಗಿನಿಂದ ಫೋಲಿಕ್ ಆಸಿಡ್ ಮಾತ್ರೆಯ ಶೀಟ್ ಜಾರಿ ಬಿತ್ತು. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಗರ್ಭದ ಮೊದಲ ವಾರಗಳಲ್ಲೇ. ಅದಕ್ಕೇ ಮಗು ಬೇಕು ಅನ್ನುವವರು ದಿನಕ್ಕೆ 400 ಮೈಕ್ರೋಗ್ರಾಂ ಗರ್ಭ ನಿಲ್ಲುವ ಮುಂಚೆಯಿಂದಲೇ ತಗೊಳ್ಳಬೇಕು. ಇದನ್ನೆಲ್ಲ ಹುಡುಗಿಯರ ಮುಂದೆ ವಿವರಿಸೋಕಾಗುತ್ತಾ? ನೆಂಟರೆಲ್ಲ ‘ಏನಾದ್ರೂ ವಿಶೇಷ ಇದ್ಯಾ?’ ಅಂತ ಕೇಳೋದೇ ಸಾಕಾಗಿತ್ತು.

ಒಬ್ಬಳು ಶೀಟ್ ಎತ್ತಿಕೊಂಡು ಹೆಸರು ಓದತೊಡಗಿದಳು. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಅಕ್ಕ ಕೈಚಾಚಿ, ‘ಕೊಡಮ್ಮ, ಅದು ನಂದು. ವಯಸ್ಸಾಯ್ತಲ್ಲ’ ಎಂದು ಜೇಬಿಗೆ ಹಾಕಿಕೊಂಡರು. ಟೀ ಹೊತ್ತಿಗೆ ಪೇಪರಿನಲ್ಲಿ ಸುತ್ತಿ, ಬಾಳೆಹಣ್ಣಿನ ಜೊತೆ ನನ್ನ ಕೈಗಿಟ್ಟರು. ಒಂದು ಪ್ರಶ್ನೆಯೂ ಇಲ್ಲ.

ನಿಜವಾದ ತಲೆನೋವು ಮರುದಿನದ್ದು. ಅಂಡ ಎಷ್ಟು ಬೆಳೆದಿದೆ ಅಂತ ನೋಡುವ ಸ್ಕ್ಯಾನ್ ಡಾಕ್ಟರ್ ಹೇಳಿದ ದಿನವೇ ಆಗಬೇಕು. ತಪ್ಪಿದರೆ ಆ ತಿಂಗಳು ಹೋದಂತೆಯೇ. ರಜೆ ಕೇಳಿದರೆ ಕಾರಣ ಹೇಳಬೇಕು. ಅಕ್ಕನಿಗೆ ‘ಬೆಳಿಗ್ಗೆ ಸ್ವಲ್ಪ ಹೊರಗೆ ಹೋಗಬೇಕಿತ್ತು’ ಅಂದೆ, ಅಷ್ಟೇ. ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದು ತಮ್ಮದು ಬರೆದುಕೊಂಡರು. ‘ಸಂಜೆ ರೋಲ್ ಕಾಲ್‌ಗೆ ಬಂದ್ರೆ ಸಾಕು. ತಿಂಡಿ ತಿಂದ್ಕೊಂಡು ಹೋಗಿ.’ ಆಟೋದಲ್ಲಿ ಕೂತ ಮೇಲೆ ಎಷ್ಟು ಹಗುರ ಅನ್ನಿಸಿತು ಅಂದರೆ, ಸುಮ್ನೆ ಅಳು ಬಂತು.

ಅಕ್ಕಾ, ಹೆಸರು ಹಾಕಿದ್ರೆ ಬೈತೀರಿ, ಹಾಕಿಲ್ಲ. ತುಂಬಾ ಥ್ಯಾಂಕ್ಸ್. ಒಂದು ಬೆಳಗಿನ ಡ್ಯೂಟಿ ನಿಮಗೆ ಬಾಕಿ ಇದೆ, ಮುಂದಿನ ಕ್ಯಾಂಪಿನಲ್ಲಿ ತೀರಿಸುತ್ತೇನೆ.