ಅಮ್ಮನಿಗೆ, ಹ್ಯಾಂಬರ್ಗ್‌ನಿಂದ

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಹೇಳಹೊರಟರೆ ಇಬ್ಬರೂ ಅತ್ತುಬಿಡುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೊಕ್ಕುಳ ಹತ್ತಿರ ಸಣ್ಣ ಉಬ್ಬು ಕಂಡಿತು. ಕರುಳಿನ ಸ್ವಲ್ಪ ಭಾಗ ತೆಳು ಚೀಲದೊಳಗೆ ಹೊಟ್ಟೆಯ ಹೊರಗೇ ಉಳಿದಿದೆ. ಡಾಕ್ಟರು ಮಾತಾಡದೆ ಮುಖವನ್ನು ಪಕ್ಕದಿಂದ ನೋಡಿದರು. ಬಾಯಿ ತೆರೆಯಿತು, ಮುಚ್ಚಿತು. ನಾಲಿಗೆ ಮಾತ್ರ ತುಟಿಯಾಚೆಗೇ ಇತ್ತು. ಕಿಡ್ನಿ ಎರಡೂ ದೊಡ್ಡವು, ಮಗುವಿನ ಸುತ್ತಲಿನ ನೀರೂ ಜಾಸ್ತಿ. ಸೂಜಿ ಹಾಕಿ ಆ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಬೆಕ್‌ವಿತ್-ವೀಡೆಮಾನ್ ಸಿಂಡ್ರೋಮ್ ಅಂತ ರಿಪೋರ್ಟ್ ಬಂದಿದೆ, ಅಂದರೆ ಮಗುವಿನ ಮೈ, ಕೆಲವು ಅಂಗಗಳು ಅಳತೆ ಮೀರಿ ಬೆಳೆಯುವ ತೊಂದರೆ. ಸುಮಾರು 10 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ವೀಡೆಮಾನ್ ಇಲ್ಲೇ ಹತ್ತಿರದ ಕೀಲ್‌ನಲ್ಲಿ ಮಕ್ಕಳ ಡಾಕ್ಟರಾಗಿದ್ದವರು, 1964ರಲ್ಲಿ ಇದರ ಬಗ್ಗೆ ಬರೆದರು. ಹಾಗಾಗಿ ಇಲ್ಲಿಯವರಿಗೆ ಚೆನ್ನಾಗಿ ಗೊತ್ತಿರುತ್ತೆ ಅಂತ ನನಗೊಂದು ಸಮಾಧಾನ, ಸುಮ್ನೆ.

ಗ್ರಹಣ ನೋಡಿದೆಯಾ, ನಿಮ್ಮ ಕಡೆ ಯಾರಿಗಾದರೂ ಇತ್ತಾ ಅಂತ ಅತ್ತೆ ಕೇಳಿಯೇ ಕೇಳುತ್ತಾರೆ. ಹೀಗೆ ಹೇಳು. 11ನೇ ಕ್ರೋಮೋಸೋಮ್‌ನಲ್ಲಿ ಬೆಳವಣಿಗೆಗೆ ಬ್ರೇಕ್ ಹಾಕುವ ಒಂದು ಜೀನ್ ಇದೆ. ತಾಯಿಯಿಂದ ಬಂದದ್ದು ಮಾತ್ರ ಕೆಲಸ ಮಾಡುತ್ತದೆ. ನಮ್ಮ ಮಗುವಿನಲ್ಲಿ ಅದನ್ನು ನಡೆಸುವ ರಾಸಾಯನಿಕ ಗುರುತು ಗರ್ಭದ ಮೊದಲ ದಿನಗಳಲ್ಲೇ ಅಳಿಸಿಹೋಗಿದೆ, ಹಾಗಾಗಿ ಬ್ರೇಕ್ ಬೀಳುತ್ತಿಲ್ಲ. ತಾನಾಗಿ ಆದದ್ದು, ನಾನು ತಿಂದದ್ದರಿಂದಲ್ಲ, ಓಡಾಡಿದ್ದರಿಂದಲ್ಲ. ‘ತಾಯಿಯಿಂದ’ ಅನ್ನೋ ಮಾತನ್ನು ಬಿಟ್ಟೇ ಹೇಳಿದರೂ ಪರವಾಗಿಲ್ಲ, ಅವರು ಅಲ್ಲೇ ಹಿಡಿದುಕೊಳ್ಳುತ್ತಾರೆ!

ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಅಂಶ ತುಂಬಾ ಇಳಿಯಬಹುದು. ಅದಕ್ಕೇ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ, ಆಮೇಲೆ ಹೊಕ್ಕುಳ ಆಪರೇಷನ್. ನಾಲಿಗೆಯ ವಿಚಾರ ನಿಧಾನಕ್ಕೆ ನೋಡುತ್ತಾರೆ. ನನಗೆ ಹೆದರಿಕೆ ಇರೋದು ಕಿಡ್ನಿಯ ಗಡ್ಡೆಯದು. ಎಲ್ಲರಿಗೂ ಬರಲ್ಲ, ಆದರೂ 7 ವರ್ಷದವರೆಗೆ 3 ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಬೇಕು. ಬುದ್ಧಿಗೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಮೊದಲು ದೊಡ್ಡದಾಗಿ ಕಂಡರೂ ಬೆಳೆಯುತ್ತಾ ಎಲ್ಲರಂತಾಗುತ್ತಾರಂತೆ.

ಗಂಡೋ ಹೆಣ್ಣೋ ಇಲ್ಲಿ ಹೇಳುತ್ತಾರೆ. ನಾವು ಕೇಳಲಿಲ್ಲ.

ಹೆರಿಗೆ ಬೇಗ ಆಗಬಹುದು, ಒಂದು ತಿಂಗಳು ಮುಂಚೆಯೇ ಟಿಕೆಟ್ ಮಾಡಿಸು. ಮಗುವಿಗೆ ಎಣ್ಣೆ-ನೀರು ಆಪರೇಷನ್ ಗಾಯ ಮಾಗಿದ ಮೇಲೆಯೇ, ಅದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೋ. ನನಗೆ ಮಾತ್ರ ಬಾಣಂತಿ ಖಾರ ಜಾಸ್ತಿನೇ ಕುಟ್ಟಿಸಿಕೊಂಡು ಬಾ.

ನಿನ್ನ ಮಗಳು