ನಂದಗಡಕ್ಕೂ ಒಂದು ರಾತ್ರಿ ಕೊಡಿ: ಬೆಳಗಾವಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಈ ಮಾತನ್ನು ನೀವೂ ಹತ್ತಾರು ವೇದಿಕೆಗಳಲ್ಲಿ ಕೇಳಿರುತ್ತೀರಿ, ಪ್ರಾಯಶಃ ನೀವೇ ಹೇಳಿಯೂ ಇರುತ್ತೀರಿ. ಹೇಳಿದಾಗಲೆಲ್ಲ ಚಪ್ಪಾಳೆ ಬೀಳುತ್ತದೆ. ಆದರೆ ರಾಯಣ್ಣನ ಸ್ಮರಣೆಗೆ ತೊಂದರೆಯಾಗಿರುವುದೂ ಇದೇ ಕಾರಣಕ್ಕೆ. ಎರಡು ದಿನವೂ ಬಾವುಟದ ದಿನ. ಬೆಳಿಗ್ಗೆ ಧ್ವಜಾರೋಹಣ, ಕವಾಯತು, ಸಂದೇಶ, ಸಿಹಿ. ಇದೆಲ್ಲದರ ನಡುವೆ ರಾಯಣ್ಣನ ಫೋಟೋಗೆ ಒಂದು ಹಾರ ಬೀಳುತ್ತದೆ, ಭಾಷಣದಲ್ಲಿ ಒಂದು ಸಾಲು ಬರುತ್ತದೆ. ಮಕ್ಕಳು ಹನ್ನೊಂದು ಗಂಟೆಗೆಲ್ಲ ಮನೆಗೆ ಹೋಗಿಬಿಡುತ್ತಾರೆ.

ಗಣರಾಜ್ಯೋತ್ಸವ ಬೇಡ ಎಂದು ನಾನು ಹೇಳುತ್ತಿಲ್ಲ. ಜನವರಿ 26ರ ಬೆಳಿಗ್ಗೆ ಬಾವುಟಕ್ಕೇ ಇರಲಿ. ನನ್ನ ಕೋರಿಕೆ ಅದರ ಹಿಂದಿನ ರಾತ್ರಿಯದು. 25ರ ರಾತ್ರಿ, ಅವನನ್ನು ಗಲ್ಲಿಗೇರಿಸಿದ ನಂದಗಡದಲ್ಲಿ ಸರ್ಕಾರದ ಕಡೆಯಿಂದಲೇ ರಾಯಣ್ಣನ ಹುತಾತ್ಮ ದಿನದ ಕಾರ್ಯಕ್ರಮ ನಡೆಯಲಿ. ನೀವು ಬನ್ನಿ, ಜಿಲ್ಲಾಧಿಕಾರಿಗಳೂ ಬರಲಿ. ಬೆಳಗಾವಿಯಿಂದ ನಂದಗಡ ದೂರವೇನಲ್ಲ. ಬೆಳಗಿನ ಕವಾಯತಿಗೆ ಆರಾಮಾಗಿ ವಾಪಸ್ ಹೋಗಬಹುದು.

'ಸಂಗೊಳ್ಳಿ ಉತ್ಸವ ಇದೆಯಲ್ಲ' ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ, ಜನವರಿಯಲ್ಲೇ ನಡೆಯುತ್ತದೆ, ಮಂದಿಯೂ ಜಾಸ್ತಿ ಸೇರುತ್ತಾರೆ. ಅದು ಹುಟ್ಟಿದೂರಿನ ಸಂಭ್ರಮ, ಬೈಲಹೊಂಗಲ ತಾಲ್ಲೂಕಿನದು. ನಂದಗಡ ಇರುವುದು ಖಾನಾಪುರ ತಾಲ್ಲೂಕಿನಲ್ಲಿ. ಅಲ್ಲಿ ಸಂಭ್ರಮ ಪಡುವಂಥದ್ದೇನೂ ನಡೆದಿಲ್ಲ. 1831ರಲ್ಲಿ ಒಬ್ಬ ಮೂವತ್ತರ ಆಸುಪಾಸಿನ ಹುಡುಗನನ್ನು ಆಲದ ಮರಕ್ಕೆ ನೇಣು ಹಾಕಿದ ಜಾಗ ಅದು. ಇವತ್ತಿಗೂ ಅಲ್ಲಿನ ಆಲದ ಮರಕ್ಕೆ ಹರಕೆ ಹೊತ್ತು ತೊಟ್ಟಿಲು ಕಟ್ಟುವ ತಾಯಂದಿರಿದ್ದಾರೆ. ಡಿಜೆ, ಬೈಕ್ ರ್‍ಯಾಲಿ ಅಲ್ಲಿಗೆ ಒಪ್ಪುವುದಿಲ್ಲ.

ಹಾಗಾದರೆ ಆ ರಾತ್ರಿ ಏನು ಮಾಡಬೇಕು? ಲಾವಣಿ ಹಾಡಿಸಿ. ರಾಯಣ್ಣನನ್ನು ಇಷ್ಟು ವರ್ಷ ಉಳಿಸಿದ್ದು ಸರ್ಕಾರವಲ್ಲ, ಪಠ್ಯಪುಸ್ತಕವೂ ಅಲ್ಲ. ಹಳ್ಳಿಯ ಹಾಡುಗಾರರು. 19ನೇ ಶತಮಾನದಲ್ಲಿ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿದಾಗ ಅವುಗಳಲ್ಲಿ ರಾಯಣ್ಣನ ದಂಗೆಯೂ ಇತ್ತು, ಹಲಗಲಿ ಬೇಡರದ್ದೂ ಇತ್ತು. ಗಲ್ಲಿಗೇರಿಸಿದವರ ಆಡಳಿತದಲ್ಲೇ ಜನ ಈ ಹಾಡು ಕಟ್ಟಿ ಹಾಡುತ್ತಿದ್ದರು, ನೋಡಿ! ಅಂಥ ಹಾಡುಗಾರರಿಗೆ ಈಗ ಉತ್ಸವಗಳಲ್ಲಿ ಸಿಗುವುದು ಗಣ್ಯರು ಬರುವ ತನಕದ ಸಮಯ. ನಿಮ್ಮ ಕಾರು ಬಂತೆಂದರೆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ನಂದಗಡದಲ್ಲಿ ಇದು ತಿರುವುಮುರುವಾಗಲಿ. ಮೊದಲು ನಿಮ್ಮ ಭಾಷಣ, ಐದು ನಿಮಿಷ. ಆಮೇಲೆ ಬೆಳಗಾಗುವವರೆಗೆ ಅವರದ್ದೇ ರಾತ್ರಿ.

ಭಾಷಣದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಾಯಣ್ಣನನ್ನು ಖಡ್ಗ ಹಿಡಿದ ಒಂಟಿ ವೀರನನ್ನಾಗಿ ಮಾಡಿಬಿಟ್ಟಿದ್ದೇವೆ. ಊರೂರಿನ ಸರ್ಕಲ್‌ನಲ್ಲೂ ಅದೇ ಭಂಗಿ. ನಿಜವಾಗಿ ಆತ ದಂಡು ಕಟ್ಟಿದವನು. 1824ರ ಅಕ್ಟೋಬರ್‌ನಲ್ಲಿ ಕಿತ್ತೂರು ಗೆದ್ದಿತು, ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್ ಹೊತ್ತಿಗೆ ಕೋಟೆ ಬ್ರಿಟಿಷರ ಕೈ ಸೇರಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ರಾಣಿ ಇಲ್ಲ, ಕೋಟೆ ಇಲ್ಲ, ಖಜಾನೆ ಇಲ್ಲ. ಆಗ ರಾಯಣ್ಣ ಶುರು ಮಾಡಿದ. ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಮತ್ತೆ ಕಿತ್ತೂರಿನ ಗಾದಿಗೆ ತರಬೇಕು ಎಂಬುದು ಅವನ ಹಟ.

ಅವನ ಹಿಂದೆ ಹೋದವರು ಯಾರು? ಊರು ಕಾಯುವ ಚಾಕರಿಗೆಂದು ಇನಾಂ ಹೊಲ ಪಡೆದಿದ್ದ ಮನೆತನದವರು, ರೈತರು, ಕೂಲಿಯವರು. ಹೊಸ ಸರ್ಕಾರ ಇವರ ಹೊಲ ಕಿತ್ತುಕೊಂಡಿತು, ಉಳಿದದ್ದಕ್ಕೆ ಕಂದಾಯ ಏರಿಸಿತು. ರಾಯಣ್ಣನ ಮನೆಯ ಹೊಲಕ್ಕೂ ಆದದ್ದು ಇದೇ. ಹಾಗಾಗಿ ದಂಡು ಮೊದಲು ನುಗ್ಗಿದ್ದು ಸರ್ಕಾರಿ ಕಚೇರಿಗಳಿಗೆ, ಸುಟ್ಟಿದ್ದು ಅಲ್ಲಿನ ಕಡತಗಳನ್ನು. ಹೊಲ ಯಾರದು, ಬಾಕಿ ಎಷ್ಟು ಎಂದು ಬರೆದಿಟ್ಟಿದ್ದೆಲ್ಲ ಆ ಕಾಗದಗಳಲ್ಲೇ ಅಲ್ವಾ? ಎದುರು ನಿಂತು ಹೊಡೆದಾಡಿದರೆ ಗೆಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹೊಡೆಯುವುದು, ಖಾನಾಪುರದ ಕಾಡಿಗೆ ಸರಿಯುವುದು, ಮತ್ತೊಂದು ಊರಲ್ಲಿ ಏಳುವುದು, ಇದು ಅವರ ಲೆಕ್ಕ. 1830ರ ಏಪ್ರಿಲ್‌ನಲ್ಲಿ ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮ ಮಂದಿಯೇ. ಅದನ್ನೂ ವೇದಿಕೆಯಿಂದ ಹೇಳಬೇಕು. ಬ್ರಿಟಿಷರನ್ನಷ್ಟೇ ಬೈದು ಮುಗಿಸುವುದು ಸುಲಭ.

ರಾಯಣ್ಣನ ಜೊತೆಗಾರರನ್ನೂ ಗಲ್ಲಿಗೇರಿಸಿದರು. ಜನರ ನೆನಪಿನಲ್ಲಿ ಸಿದ್ದಿ ಜನಾಂಗದ ಗಜವೀರನಂಥವರೂ ಇದ್ದಾರೆ. ಆ ರಾತ್ರಿ ಅವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಿ, ಊರಿನ ಮಕ್ಕಳ ಕೈಲಿ. ಬೆಳಗಾವಿ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆ ಕಾಲದ ಸರ್ಕಾರಿ ಕಾಗದಪತ್ರಗಳು ಮುಂಬೈಯಲ್ಲೂ ಲಂಡನ್‌ನಲ್ಲೂ ಇವೆ. ರಾಯಣ್ಣನಿಗೆ, ಅವನ ಜೊತೆಗಾರರಿಗೆ ಸಂಬಂಧಪಟ್ಟದ್ದನ್ನೆಲ್ಲ ಹುಡುಕಿಸಿ, ನಕಲು ತರಿಸಿ, ಕನ್ನಡಕ್ಕೆ ಮಾಡಿಸಿ ನಂದಗಡದಲ್ಲೇ ಇಡಬೇಕು. ಇನ್ನೊಂದು ಪ್ರತಿಮೆಗೆ ಆಗುವ ಖರ್ಚಿಗಿಂತ ಇದಕ್ಕೆ ಕಡಿಮೆಯೇ ಆಗುತ್ತದೆ ಎಂಬುದು ನನ್ನ ಅಂದಾಜು.

ಮರಾಠಿಗೂ ಮಾಡಿಸಿ. ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. 2020ರಲ್ಲಿ ಬೆಳಗಾವಿ ಬಳಿಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆ ವಿಚಾರವಾಗಿ ಕನ್ನಡ, ಮರಾಠಿ ಮಂದಿಯ ನಡುವೆ ಏನೇನಾಯಿತು ಎಂಬುದು ನಿಮಗೆ ಗೊತ್ತೇ ಇದೆ. ರಾಯಣ್ಣ ಮತ್ತು ಶಿವಾಜಿಯನ್ನು ಎದುರಾಳಿಗಳಂತೆ ನಿಲ್ಲಿಸಿಬಿಟ್ಟರು. ಒಬ್ಬರ ಕಾಲಕ್ಕೂ ಇನ್ನೊಬ್ಬರ ಕಾಲಕ್ಕೂ ನೂರು ವರ್ಷಕ್ಕಿಂತ ಜಾಸ್ತಿ ಅಂತರವಿದೆ! ಖಾನಾಪುರ ತಾಲ್ಲೂಕಿನಲ್ಲಿ ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಬಹಳ ಇದ್ದಾರೆ. ಆಲದ ಮರ ಇರುವುದು ಅವರ ತಾಲ್ಲೂಕಿನಲ್ಲೇ. ಇದು ಅವರದ್ದೂ ಕಥೆ. ಅದನ್ನು ಅವರಿಗೆ ಕೊಡದೆ ರಾಯಣ್ಣನನ್ನು ಗಡಿ ಜಗಳದ ಬಾವುಟ ಮಾಡಿಕೊಂಡರೆ ನಷ್ಟ ನಮಗೇ.

ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರಿಟ್ಟಾಗ ನಮ್ಮ ಕಡೆಯವರಿಗೆಲ್ಲ ಖುಷಿಯಾಗಿತ್ತು. ಅಷ್ಟಕ್ಕೇ ಕೆಲಸ ಮುಗಿಯಿತು ಎಂದು ಯಾರೂ ಅಂದುಕೊಳ್ಳಬಾರದು.

ಗಣರಾಜ್ಯೋತ್ಸವದ ಪೂರ್ವಭಾವಿ ಸಭೆ ಕರೆಯುವಾಗ ನಂದಗಡದ ವಿಷಯವನ್ನೂ ಸೇರಿಸಿ. ಆ ಸಭೆಗೆ ಅಧಿಕಾರಿಗಳು, ಸಂಘದವರು ಮಾತ್ರವಲ್ಲ, ಲಾವಣಿ ಹಾಡುವವರನ್ನೂ ಕರೆಸಿ. ಅವರಿಗೆ ಗೌರವಧನ ಅದೇ ರಾತ್ರಿ ಕೈಗೆ ಸಿಗುವಂತೆ ನೋಡಿಕೊಳ್ಳಿ, ಆರು ತಿಂಗಳ ಮೇಲೆ ಕಚೇರಿಗೆ ಅಲೆಸುವುದು ಬೇಡ. ಕಿತ್ತೂರು, ಬೈಲಹೊಂಗಲ, ಖಾನಾಪುರದಿಂದ 25ರ ಸಂಜೆ ಹೆಚ್ಚುವರಿ ಬಸ್ ಬಿಡಿಸಿ, ಬೆಳಗಿನ ಜಾವ ಅವೇ ಬಸ್ಸುಗಳು ಜನರನ್ನು ವಾಪಸ್ ಊರಿಗೆ ಬಿಡಲಿ. ಚಳಿ ಇರುತ್ತದೆ, ಶಾಮಿಯಾನ ಹಾಕಿಸಿದರೆ ವಯಸ್ಸಾದವರೂ ಕೂರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಬೆಳಗಾವಿ ಜಿಲ್ಲೆಯ ಒಬ್ಬ ಮತದಾರ