ರೋಸ್ಕಾಫ್‌ಗೆ ಹೋಗುವವರು ಓದಿ
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಪ್ಲಿಮತ್‌ನಿಂದ ಹಡಗಲ್ಲಿ ಫ್ರಾನ್ಸ್‌ಗೆ ಹೋಗುವವರು ರೋಸ್ಕಾಫ್‌ನಲ್ಲಿ ಇಳಿದು ಸೀದಾ ಪ್ಯಾರಿಸ್ ಕಡೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ದಿನವಾದರೂ ಇರಿ.

ಇದು ಫ್ರಾನ್ಸಿನ ಬ್ರಿಟ್ಟನಿ ಪ್ರಾಂತ್ಯದ ಉತ್ತರ ಕರಾವಳಿಯ ಪುಟ್ಟ ಬಂದರು. ಹಳೇ ಮನೆಗಳೆಲ್ಲ ಗ್ರಾನೈಟ್ ಕಲ್ಲಿನವು. 16ನೇ ಶತಮಾನದ ಕ್ರೋಜ಼್ ಬಾಟ್ಸ್ ಚರ್ಚನ್ನು ಒಳಗೆ ನೋಡಿ ಬಂದರೆ ಸಾಲದು, ಹೊರಗೋಡೆಯನ್ನೂ ನೋಡಿ. ಊರಿನ ಹಡಗು ವ್ಯಾಪಾರಿಗಳ ದುಡ್ಡಲ್ಲಿ ಎದ್ದ ಚರ್ಚ್ ಅದು, ಅದಕ್ಕೇ ಗೋಡೆ ಮೇಲೆ ಹಡಗುಗಳನ್ನು ಕೆತ್ತಿದ್ದಾರೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಇಲ್ಲಿನ ಈರುಳ್ಳಿಯ ಕಥೆ. ನಸುಗೆಂಪು ಬಣ್ಣ, ಸಿಹಿ ರುಚಿ. 1828ರಿಂದ ಇಲ್ಲಿನ ರೈತರು ಅದನ್ನು ಜಡೆಯಂತೆ ಹೆಣೆದು, ಸಮುದ್ರ ದಾಟಿ, ಬ್ರಿಟನ್ನಿನ ಮನೆ ಮನೆ ಬಾಗಿಲಿಗೆ ಹೋಗಿ ಮಾರಿದರು, ಆಮೇಲಾಮೇಲೆ ಸೈಕಲ್ ತುಂಬ ನೇತುಹಾಕಿಕೊಂಡು. ಅಲ್ಲಿಯವರು ಇವರನ್ನು ಜಾನಿ ಅಂತ ಕರೆಯುತ್ತಿದ್ದರು. ಚಿಕ್ಕ ಹುಡುಗರೂ ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗುತ್ತಿದ್ದರು, ಸುಲಭದ ಬದುಕಲ್ಲ ಅಲ್ವಾ? 1905ರ ನವೆಂಬರ್‌ನಲ್ಲಿ ವ್ಯಾಪಾರ ಮುಗಿಸಿ ಮನೆಗೆ ಬರುತ್ತಿದ್ದ ಎಷ್ಟೋ ಜಾನಿಗಳು ಬ್ರಿಟ್ಟನಿಯದೇ ಸೇಂಟ್ ಮಾಲೋ ಬಂದರಿನ ಹತ್ತಿರ ಹಿಲ್ಡಾ ಹಡಗು ಮುಳುಗಿ ಸತ್ತರು. ಅವರ ಬದುಕಿನ ಮ್ಯೂಸಿಯಂ ಊರಲ್ಲೇ ಇದೆ, ತಪ್ಪಿಸಬೇಡಿ.

ಎದುರಿನ ಬಾಟ್ಸ್ ದ್ವೀಪಕ್ಕೆ ದೋಣಿಯಲ್ಲಿ ಕಾಲು ಗಂಟೆ. ಆದರೆ ಇಳಿತ ಇದ್ದಾಗ ನೀರು ತುಂಬಾ ದೂರ ಸರಿಯುತ್ತದೆ, ಆಗ ದೋಣಿ ಹತ್ತಲು ಉದ್ದನೆಯ ಕಾಲುಸೇತುವೆಯ ತುದಿವರೆಗೆ ನಡೆಯಬೇಕು. ವಯಸ್ಸಾದವರು ಜೊತೆಗಿದ್ದರೆ ಉಬ್ಬರದ ಸಮಯ ನೋಡಿಕೊಂಡೇ ಟಿಕೆಟ್ ತಗೊಳ್ಳಿ.